ಲೋಳೆ ಗಂಗಮ್ಮನ ನೀರು ಮರ ಹತ್ತಿದ್ದು

ಚೇಳೂರಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಗಂಗಲಕ್ಷ್ಮಮ್ಮನ ಮನೆ ಎಲ್ಲಿ ಎಂದು ಕೇಳಿದರೆ, ಯಾವ ಗಂಗಲಕ್ಷ್ಮಮ್ಮ ಎಂದು ನಿಮ್ಮನ್ನೇ ತಿರುಗಿ ಕೇಳುತ್ತಾರೆ. ಆ ಹೆಸರಿನವರು ಊರಲ್ಲಿ ಒಬ್ಬರಾ ಇಬ್ಬರಾ! ಲೋಳೆ ಗಂಗಮ್ಮ ಎನ್ನಿ ಸಾಕು, ಟೀ ಅಂಗಡಿಯವನು ಸೋಸುವುದನ್ನು ಅರ್ಧಕ್ಕೇ ಬಿಟ್ಟು ದಾರಿ ತೋರಿಸುತ್ತಾನೆ. ಹೆಸರಿನ ಮುಂದೆ ಲೋಳೆ ಅಂತ ಸೇರಿಕೊಂಡರೆ ಯಾವ ಹೆಂಗಸಿಗೆ ತಾನೇ ಹಿತವಾಗುತ್ತದೆ? ಅವಳಿಗೂ ಮೊದಮೊದಲು ಮೈಯೆಲ್ಲ ಉರಿಯುತ್ತಿತ್ತು. ಈಗ ಯಾರಾದರೂ ಬರೀ ಗಂಗಮ್ಮ ಅಂದರೆ ಏನೋ ಕಮ್ಮಿಯಾದ ಹಾಗೆ ಅನ್ನಿಸುತ್ತದೆ ಎಂದು ಅವಳೇ ನಗುತ್ತಾಳೆ. ನಗಲಿ. ಆ ಹೆಸರನ್ನು ಅವಳು ಪುಕ್ಕಟೆಯಾಗೇನೂ ಪಡೆಯಲಿಲ್ಲ.

ಅವಳ ತೌರು ಕುಣಿಗಲ್ ತಾಲ್ಲೂಕು, ಮಾರ್ಕೋನಹಳ್ಳಿ ಅಣೆಕಟ್ಟಿನ ನಾಲೆ ಬಯಲಿನ ಒಂದು ಹಳ್ಳಿ. ಅಪ್ಪ ಸಿದ್ದಯ್ಯ ಆಲೆಮನೆಯಲ್ಲಿ ಲೋಳೆ ಇಳಿಸುವ ಕೆಲಸದವನು. ಈ ಕೆಲಸ ಈಗಿನ ಎಷ್ಟೋ ಜನಕ್ಕೆ ಗೊತ್ತಿಲ್ಲ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಬೆಂಡೆ ಗಿಡದ ಲೋಳೆಯನ್ನು ಒಂದು ಬಿಂದಿಗೆ ಸುರಿಯುತ್ತಾರೆ. ಹಾಲಿನಲ್ಲಿದ್ದ ಕೊಳೆಯೆಲ್ಲ ಆ ಲೋಳೆಗೆ ಸಿಕ್ಕಿಕೊಂಡು ನೊರೆಯಾಗಿ ಮೇಲೆ ಬರುತ್ತದೆ, ಅದನ್ನು ತೆಗೆದು ಬಿಸಾಕಿದರೆ ಬೆಲ್ಲಕ್ಕೆ ಒಳ್ಳೆಯ ಹೊಂಬಣ್ಣ. ಲೋಳೆ ಕೆಟ್ಟರೆ ಬೆಲ್ಲ ಕೆಟ್ಟಿತು. ಹಾಗಾಗಿ ಸಿದ್ದಯ್ಯನಿಗೆ ಸಂಬಳ ಕಮ್ಮಿಯಿದ್ದರೂ ಆಲೆಮನೆಯಲ್ಲಿ ಅವನ ಮಾತಿಗೆ ಎದುರಾಡುವವರಿರಲಿಲ್ಲ.

ಹತ್ತು ವರ್ಷದ ಹುಡುಗಿ ಗಂಗ ಅಪ್ಪನ ಪಕ್ಕ ಬಾನಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಆ ಕೆಲಸ ಕಲಿತಳು. ಬೆಂಡೆಯ ದಂಟನ್ನು ಕೊಡತಿಯಿಂದ ಮೆಲ್ಲಗೆ ಜಜ್ಜಬೇಕು, ಪುಡಿ ಮಾಡಬಾರದು. ತಣ್ಣೀರಲ್ಲಿ ನೆನೆಹಾಕಬೇಕು. ಆಮೇಲೆ ಹಸುವಿನ ಕೆಚ್ಚಲು ನೀವಿದ ಹಾಗೆ ಮೇಲಿನಿಂದ ಕೆಳಕ್ಕೆ ನೀವಿ ನೀವಿ ಇಳಿಸಬೇಕು. ಅವಸರ ಮಾಡಿ ಹಿಚುಕಿದರೆ ಸಿದ್ದಯ್ಯ ಮುಂಗೈ ಮೇಲೆ ಪಟ್ಟನೆ ಒಂದು ಕೊಡುತ್ತಿದ್ದ. "ಹಿಚುಕ್ಬ್ಯಾಡ ಕಣವ್ವ, ಸತ್ತೋಯ್ತದೆ" ಎನ್ನುತ್ತಿದ್ದ. ಲೋಳೆ ಎಂಥದು ಸಾಯುವುದು ಎಂದು ಹುಡುಗಿಗೆ ನಗು. ಅದಕ್ಕೆ ಅವನು ಒಂದು ಪರೀಕ್ಷೆ ತೋರಿಸಿದ. ಬಿಂದಿಗೆಯ ಲೋಳೆಯನ್ನು ಕೋಲಿನಿಂದ ಸುತ್ತ ತಿರುಗಿಸಿ ಕೋಲು ತಟಕ್ಕನೆ ತೆಗೆದ. ನೀರಾದರೆ ಇನ್ನೊಂದಷ್ಟು ಸುತ್ತು ಅದೇ ಕಡೆ ತಿರುಗಿ ನಿಲ್ಲುತ್ತದೆ. ಲೋಳೆ ಹಾಗೆ ಮಾಡಲಿಲ್ಲ. ಒಂದು ಗಳಿಗೆ ನಿಂತು, ಏನೋ ಮರೆತು ಬಂದವಳ ಹಾಗೆ, ಬಂದ ದಾರಿಯಲ್ಲೇ ಅರ್ಧ ಸುತ್ತು ಹಿಂದಕ್ಕೆ ತಿರುಗಿತು. ಹಿಂದಕ್ಕೆ ಬಂದರೆ ಜೀವ ಇದೆ ಅಂತ, ಬರದಿದ್ದರೆ ಚೆಲ್ಲಿಬಿಡು ಅಂತ ಸಿದ್ದಯ್ಯನ ಲೆಕ್ಕ. ಅವನು ಸಾಯುವ ತನಕ ಆ ಲೆಕ್ಕ ತಪ್ಪಿದ್ದನ್ನು ಯಾರೂ ಕಾಣಲಿಲ್ಲ.

ಮದುವೆಯಾಗಿ ಚೇಳೂರಿಗೆ ಬಂದ ಮೇಲೆ ಬೆಂಡೆ ಎಂದರೆ ಹುಳಿಗೆ, ಪಲ್ಯಕ್ಕೆ, ಅಷ್ಟೇ. ಗಂಡ ಪುಟ್ಟರಂಗಯ್ಯನಿಗೆ ಎರಡೆಕರೆ ತೆಂಗು, ಮುಕ್ಕಾಲೆಕರೆ ರಾಗಿ ಹೊಲ, ಜೊತೆಗೆ ಒಂದು ಪವರ್ ಸ್ಪ್ರೇಯರ್. ಆ ಪಂಪು ಹೊತ್ತುಕೊಂಡು ಊರವರ ತೋಟಗಳಿಗೆ ಔಷಧಿ ಹೊಡೆದು ಬರುತ್ತಿದ್ದ. ಒಳ್ಳೆಯ ಮನುಷ್ಯ. ಆದರೆ ಯಾವುದಕ್ಕೂ ತಲೆ ಕೆಡಿಸಿಕೊಳ್ಳುವ ಜಾತಿಯಲ್ಲ.

ತಲೆ ಕೆಡಿಸಿಕೊಳ್ಳುವ ಕಾಲ ಬಂದಿದ್ದು ತೆಂಗಿಗೆ ಬಿಳಿ ನೊಣ ಬಿದ್ದಾಗ. ಗರಿಯ ಅಡಿಯಲ್ಲಿ ಸುಣ್ಣ ಬಳಿದ ಹಾಗೆ ಕೂತು ಅಂಟು ಸುರಿಸುವ ಸಣ್ಣ ನೊಣ, ಆ ಅಂಟಿನ ಮೇಲೆ ಮಸಿ ಬೆಳೆದು ತೋಟಕ್ಕೆ ತೋಟವೇ ಕಪ್ಪಾಯಿತು. ಜೋರಾಗಿ ನೀರು ಹೊಡೆದು ನೊಣ ಉದುರಿಸಿ, ಬೇವಿನೆಣ್ಣೆ ಬಿಡಿ ಎಂದು ತಿಳಿದವರು ಹೇಳಿ ಹೋದರು. ಹೇಳುವುದಕ್ಕೇನು! ಪುಟ್ಟರಂಗಯ್ಯನ ಅಪ್ಪನ ಕಾಲದ ಮರಗಳು ಐವತ್ತೈದು ಅಡಿ ಎತ್ತರ. ಹತ್ತುವವರು ಈಗ ಸಿಗುವುದಿಲ್ಲ. ಕೆಳಗೆ ನಿಂತು ಪಂಪು ಪೂರ್ತಿ ಬಿಟ್ಟರೂ ನೀರು ಮುಕ್ಕಾಲು ದಾರಿಗೇ ಒಡೆದು ತುಂತುರಾಗಿ ಗಾಳಿಗೆ ಹಾರಿ, ಬೇವಿನೆಣ್ಣೆಯೆಲ್ಲ ಪುಟ್ಟರಂಗಯ್ಯನ ತಲೆ ಮೇಲೆ ಬೀಳುತ್ತಿತ್ತು. ಒಂದು ವಾರ ಅವನು ಹತ್ತಿರ ಬಂದರೆ ಬೇವಿನ ವಾಸನೆ.

ಗಂಗಮ್ಮ ಒಂದು ದಿನ ಔಷಧಿ ಕಲಸುವ ಡ್ರಮ್ಮಿಗೆ ಲೋಳೆ ಹಾಕಿದ್ದು ಯಾವ ಘನಂದಾರಿ ಯೋಚನೆಯಿಂದಲೂ ಅಲ್ಲ. ಕೆಳಗಿನ ಗರಿಗಳಿಗಾದರೂ ಎಣ್ಣೆ ನಿಲ್ಲಲಿ, ಜಾರಿಹೋಗದಿರಲಿ ಎಂದು ಹಿತ್ತಲಿನಲ್ಲಿ ಬಲಿತು ನಿಂತಿದ್ದ ಬೆಂಡೆ ಗಿಡ ಕಿತ್ತು, ತೌರಿನ ಕ್ರಮದಲ್ಲೇ ಲೋಳೆ ಇಳಿಸಿ, ಪಂಚೆ ಬಟ್ಟೆಯಲ್ಲಿ ಸೋಸಿ, ಇನ್ನೂರು ಲೀಟರಿನ ಡ್ರಮ್ಮಿಗೆ ಒಂದು ಬಿಂದಿಗೆ ಸುರಿದಳು. ಪುಟ್ಟರಂಗಯ್ಯ ಎಂದಿನಂತೆ ಪಂಪಿನ ಪೈಪಿನ ತುದಿಯ ಗನ್ನು ಮೇಲೆತ್ತಿದ. ನೀರು ಒಡೆಯಲಿಲ್ಲ. ಹಗ್ಗ ಬೀಸಿದ ಹಾಗೆ ಒಂದೇ ಎಳೆಯಾಗಿ ಮೇಲೆ ಮೇಲೆ ಹೋಗಿ ಸುಳಿಯ ಗರಿಗಳಿಗೆ ಚಟಚಟ ಬಡಿಯಿತು. ಮಸಿ ನೀರು ದಬದಬ ಕೆಳಗೆ ಬಿತ್ತು. ಪುಟ್ಟರಂಗಯ್ಯ ಗಾಬರಿಯಾಗಿ ಪಂಪು ಆರಿಸಿಬಿಟ್ಟ.

"ಲೇ ಇವಳೇ, ಪಂಪ್‌ಗೆ ಏನಾಯ್ತೇ? ಏನ್ ಹಾಕ್ದೆ ಡ್ರಮ್‌ಗೆ?"

"ಬೆಂಡೆ ಲೋಳೆ ಕಣ್ರೀ. ಎಣ್ಣೆ ಅಂಟ್ಕೊಳ್ಳಿ ಅಂತ."

"ಅಂಟ್ಕೊಳ್ಳೋದ್ ಹಾಳಾಗೋಗ್ಲಿ, ನೀರ್ ಎಲ್ಲಿಗ್ ಹೋಯ್ತು ನೋಡ್ದ್ಯಾ?"

ಅವಳು ನೋಡಿದ್ದಳು. ಕತ್ತು ನೋಯುವ ತನಕ ನೋಡುತ್ತಲೇ ನಿಂತಿದ್ದಳು. ಅನುಮಾನಕ್ಕೆ ಎಡೆಯಿರಬಾರದು ಎಂದು ಮಾರನೆಯ ದಿನ ಲೋಳೆಯಿಲ್ಲದ ಒಂದು ಡ್ರಮ್ಮು, ಲೋಳೆಯಿರುವ ಒಂದು ಡ್ರಮ್ಮು ಪಕ್ಕಪಕ್ಕ ಇಟ್ಟು ಹೊಡೆಸಿದಳು. ಬರಿಯ ನೀರು ಮತ್ತೆ ಗಂಡನ ತಲೆ ಮೇಲೆ. ಲೋಳೆ ನೀರು ಮತ್ತೆ ಸುಳಿಗೆ. ಆ ವರ್ಷ ಅವರ ತೋಟ ಹಸಿರಾಗಿ ಉಳಿಯಿತು. ಅಕ್ಕಪಕ್ಕದವರು ಮೊದಲು ಹಲ್ಲು ಕಿರಿದರು, ಆಮೇಲೆ ಪಂಪು ಕಳಿಸಿ ಎಂದರು, ಅದಾದ ಮೇಲೆ ಮೆಲ್ಲಗೆ ಆ ಲೋಳೆನೂ ಇರಲಿ ಎಂದರು.

ಮಗಳು ಇಂಪನಾ ತುಮಕೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಳು. ಅವಳಿಂದ ವಿಷಯ ತಿಳಿದ ಅವಳ ಲೆಕ್ಚರರ್ ಏಕಾಂತಯ್ಯನವರು ಒಂದು ಕ್ಯಾನು ಲೋಳೆ ತರಿಸಿಕೊಂಡು ನೋಡಬೇಕೆಂದರು. ಗಂಗಮ್ಮ ಕ್ಯಾನನ್ನು ಯಾರ ಕೈಗೂ ಕೊಡಲಿಲ್ಲ. ಬಸ್ಸಿನಲ್ಲಿ ತೊಡೆ ಮೇಲಿಟ್ಟುಕೊಂಡು ತಾನೇ ಹೋದಳು. ಕಾಲೇಜಿನ ಲ್ಯಾಬಿನಲ್ಲಿ ಅವರು ಎರಡು ಗಾಜಿನ ಪಾತ್ರೆ ಇಟ್ಟರು. ಒಂದರಲ್ಲಿ ನೀರು, ಇನ್ನೊಂದರಲ್ಲಿ ಲೋಳೆ. ಡ್ರಿಲ್ಲಿಂಗ್ ಮಿಷನ್ನಿಗೆ ಕಡ್ಡಿ ಸಿಕ್ಕಿಸಿ ನೀರಿನಲ್ಲಿ ತಿರುಗಿಸಿದಾಗ ನಡುವೆ ಗುಂಡಿ ಬಿದ್ದು ನೀರು ಅಂಚಿಗೆ ಸರಿಯಿತು. ಲೋಳೆಯಲ್ಲಿ ತಿರುಗಿಸಿದರೆ ಅದು ಅಂಚು ಬಿಟ್ಟು ನಡುವಿಗೆ ಬಂದು, ಕಡ್ಡಿಯನ್ನೇ ತಬ್ಬಿಕೊಂಡು ಮೇಲೆ ಹತ್ತತೊಡಗಿತು. ಹುಡುಗರೆಲ್ಲ ಮೊಬೈಲ್ ತೆಗೆದರು.

"ನೋಡಿದಿರಾ ಅಮ್ಮ, ಇದು ಪೂರ್ತಿ ನೀರೂ ಅಲ್ಲ, ಪೂರ್ತಿ ರಬ್ಬರೂ ಅಲ್ಲ" ಎಂದರು ಏಕಾಂತಯ್ಯ. "ನೀರಿನ ಹಾಗೆ ಹರಿಯುತ್ತೆ, ರಬ್ಬರಿನ ಹಾಗೆ ಎಳೆದುಕೊಳ್ಳುತ್ತೆ. ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ, ಆದರೆ ತುಂಬಾ ಉದ್ದದ ಎಳೆಗಳಿರುತ್ತವೆ. ಎಳೆದರೆ ಹಿಗ್ಗುತ್ತವೆ, ಬಿಟ್ಟರೆ ಮುದುಡಿಕೊಳ್ಳುತ್ತವೆ. ಪೈಪಿನಲ್ಲಿ ನೀರು ಸುಳಿಸುಳಿಯಾಗಿ ಸುತ್ತಿ ಶಕ್ತಿ ಕಳೆದುಕೊಳ್ಳದ ಹಾಗೆ ತಡೆಯೋದೂ ಅವೇ, ಹೊರಗೆ ಬಂದ ಮೇಲೆ ಚೂರುಚೂರಾಗದ ಹಾಗೆ ಹಿಡಿಯೋದೂ ಅವೇ."

"ಅದಕ್ಕೇ ನಮ್ಮಪ್ಪ ಜೀವ ಅಂತಿದ್ದ ಸಾ" ಎಂದಳು ಗಂಗಮ್ಮ. ತಿರುಗಿಸಿ ಬಿಡುವ ಪರೀಕ್ಷೆಯನ್ನು ಅಲ್ಲೇ ಮಾಡಿ ತೋರಿಸಿದಳು. ಏಕಾಂತಯ್ಯ ಅದನ್ನು ಮೂರು ಸಲ ಮಾಡಿಸಿ ನೋಡಿದರು. ಇದನ್ನು ನಾವು ದೊಡ್ಡ ಮಿಷನ್ನಿನಲ್ಲಿ ಅಳೆಯುತ್ತೇವೆ, ನಿಮ್ಮ ತಂದೆಯವರು ಕೋಲಿನಲ್ಲಿ ಅಳೆದಿದ್ದಾರೆ ಎಂದು ಹುಡುಗರ ಮುಂದೆಯೇ ಹೇಳಿದರು. ವಾಪಸು ಬರುವಾಗ ಗಂಗಮ್ಮನಿಗೆ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಗುಬ್ಬಿಯ ತನಕ ನಿಂತೇ ಬಂದರೂ ಅವಳಿಗೆ ಕಾಲು ನೋವೇ ತಿಳಿಯಲಿಲ್ಲ.

ಇಷ್ಟರಲ್ಲಿ ಗುಬ್ಬಿಯ ತೆಂಗು ಬೆಳೆಗಾರರ ಸಂಘದ ಸಭೆ ಬಂತು. ಅಧ್ಯಕ್ಷ ಚಿಕ್ಕಮಾರಯ್ಯ ದೊಡ್ಡ ತೋಟದ ಕುಳ, ಬಿಳಿ ಬಟ್ಟೆಯ ಇಸ್ತ್ರಿ ಗೆರೆ ಹಾಳಾಗದ ಹಾಗೆ ನಡೆಯುವವನು. ಯಾರೋ ಲೋಳೆಯ ಮಾತೆತ್ತಿದ್ದೇ ತಡ, ಮೈಕಿನಲ್ಲೇ ನಕ್ಕ. "ಪುಟ್ಟರಂಗಯ್ಯನ್ ಪಂಪ್ ಗಟ್ಟಿ ಐತೆ, ಅದ್ಕೆ ನೀರು ಹೋಯ್ತದೆ. ಇದ್ರಾಗೆ ಬೆಂಡೆಕಾಯಿದೇನಪ್ಪಾ? ಲೋಳೆ ಗಂಗಮ್ಮ ಮನೇಗ್ ಹೋಗಿ ಹುಳಿ ಮಾಡ್ಲಿ, ನಾವೂ ಬಂದು ಉಣ್ತೀವಿ." ಸಭೆಗೆ ಸಭೆಯೇ ಗೊಳ್ಳೆಂದಿತು. ಹೆಸರು ಬಿದ್ದಿದ್ದು ಆಗಲೇ.

ಗಂಗಮ್ಮ ಹಿಂದಿನ ಸಾಲಿನಿಂದ ಎದ್ದು ನಿಂತಳು. ಪುಟ್ಟರಂಗಯ್ಯ ಸೆರಗು ಜಗ್ಗಿ ಕೂರಿಸಲು ನೋಡಿದ, ಅವಳು ಕೊಸರಿಕೊಂಡಳು. "ನಮ್ ಪಂಪ್ ಬ್ಯಾಡ ಮಾರಯ್ಯಣ್ಣ. ನಿಮ್ ಪಂಪೇ ತನ್ನಿ, ನಿಮ್ ಆಳೇ ಗನ್ ಹಿಡೀಲಿ. ನಾನು ಲೋಳೆ ಮಾತ್ರ ತರ್ತೀನಿ. ಸಂಘದ್ ತೋಟದಾಗಿರೋ ಎತ್ತರದ್ ಮರ ನೀವೇ ಆರ್ಸಿ. ನೀರು ಸುಳಿ ಮುಟ್ಟಲಿಲ್ಲ ಅಂದ್ರೆ ಇನ್ಮ್ಯಾಕೆ ಯಾರ್ ತೋಟಕ್ಕೂ ಲೋಳೆ ತಗಂಡ್ ಕಾಲಿಡಲ್ಲ."

ಹೇಳಿ ಕೂತಳು. ಆಡಿದ ಮಾತು ಸಣ್ಣದಲ್ಲ. ಊರೂರ ತೋಟಗಳಲ್ಲಿ ಅವಳಿಗೆ ಸಿಕ್ಕಿದ್ದ ಮರ್ಯಾದೆ, ಅಪ್ಪನಿಂದ ಬಂದ ಕೈಗುಣ, ಎಲ್ಲ ಆ ಒಂದು ಮರದ ಬುಡಕ್ಕೆ ಬಂದು ನಿಂತಿತ್ತು.

ಪ್ರಾತ್ಯಕ್ಷಿಕೆಗೆ ಒಂದು ಭಾನುವಾರ ಗೊತ್ತಾಯಿತು. ಶನಿವಾರ ಕೂತು ಲೋಳೆ ಇಳಿಸಬೇಕೆಂದು ಬೆಂಡೆ ದಂಟಿನ ಹೊರೆಗಳನ್ನು ಗಂಗಮ್ಮ ತರಿಸಿಟ್ಟಿದ್ದಳು. ಆದರೆ ಶನಿವಾರವೇ ಗೂಳೂರಿನಲ್ಲಿ ನಾದಿನಿಯ ಮನೆಯ ಬೀಗರ ಔತಣ. ಹೋಗದಿದ್ದರೆ ಜನ್ಮಪೂರ್ತಿ ಆಡಿಕೊಳ್ಳುತ್ತಾರೆ. ಬೇಗ ಉಂಡು ಬರುತ್ತೇನೆಂದು ಹೋದವಳಿಗೆ ಕೊನೆಯ ಪಂಕ್ತಿಯಲ್ಲಿ ಎಲೆ ಸಿಕ್ಕಿತು. ಮನೆಗೆ ಬರುವಷ್ಟರಲ್ಲಿ ದೀಪ ಹಚ್ಚುವ ಹೊತ್ತು. ನೋಡಿದರೆ ಮೂರು ಬಿಂದಿಗೆ ಲೋಳೆ ತುಂಬಿ ತಯಾರಾಗಿದೆ! ಹಾಸ್ಟೆಲಿನಿಂದ ಬಂದಿದ್ದ ಇಂಪನಾ, ಅಮ್ಮನ ಮಣಿಕಟ್ಟು ನೋವು ತಿಳಿದವಳು, ಎಲ್ಲ ಮುಗಿಸಿದ್ದಳು. ಲೋಳೆ ಎಂದಿಗಿಂತ ಮಂದ, ಹಸಿರು, ಸೌಟಿನಿಂದ ಸುರಿದರೆ ಗಟ್ಟಿ ಗಂಜಿಯ ಹಾಗೆ ಬೀಳುತ್ತಿತ್ತು. ಗಂಗಮ್ಮನಿಗೆ ಹಿಗ್ಗೋ ಹಿಗ್ಗು. ಮಗಳ ಕೈಗೂ ಕೆಲಸ ಬಂತು ಎಂದು ನೆಟಿಗೆ ಮುರಿದಳು. ಕೋಲು ತಿರುಗಿಸಿ ನೋಡಬೇಕೆಂದು ಆ ಹಿಗ್ಗಿನಲ್ಲಿ ಅವಳಿಗೆ ಹೊಳೆಯಲೇ ಇಲ್ಲ.

ಭಾನುವಾರ ಬೆಳಿಗ್ಗೆ ಸಂಘದ ತೋಟದಲ್ಲಿ ನೂರು ಜನವಾದರೂ ಸೇರಿದ್ದರು. ಏಕಾಂತಯ್ಯನವರೂ ತುಮಕೂರಿನಿಂದ ಬಂದಿದ್ದರು. ಗಂಗಮ್ಮ ಲೋಳೆಯ ಬಿಂದಿಗೆಗಳ ಜೊತೆಗೆ ಬಾನಿ, ಕೊಡತಿ, ಮಿಕ್ಕಿದ್ದ ದಂಟಿನ ಹೊರೆ ಎಲ್ಲ ಇರಲಿ ಎಂದು ಆಟೋದಲ್ಲಿ ಹೇರಿಕೊಂಡು ಬಂದಿದ್ದಳು. ಚಿಕ್ಕಮಾರಯ್ಯ ತನ್ನ ಪಂಪು ತರಿಸಿ, ತನ್ನ ಆಳಿನ ಕೈಗೇ ಗನ್ನು ಕೊಟ್ಟು, ತೋಟದಲ್ಲೇ ಎತ್ತರದ ಮರ ತೋರಿಸಿದ. ಮೊದಲು ಬರಿಯ ನೀರು ಹೊಡೆದರು. ಮುಕ್ಕಾಲು ದಾರಿಗೆ ಒಡೆದು ಹಾರಿತು. ಡ್ರಮ್ಮಿಗೆ ಲೋಳೆ ಸುರಿದರು. ಎಲ್ಲರೂ ಕತ್ತೆತ್ತಿದರು. ನೀರು ಮೇಲೆ ಹೋಯಿತು, ಮುಕ್ಕಾಲು ದಾರಿಗೇ ಒಡೆಯಿತು, ಗಾಳಿಗೆ ಹಾರಿತು.

ಯಾರೋ ಸಿಳ್ಳೆ ಹಾಕಿದರು. "ಹುಳಿ ಚೆನ್ನಾಗಾಗ್ತದೆ ಬುಡು" ಎಂದರು ಇನ್ಯಾರೋ. ಪುಟ್ಟರಂಗಯ್ಯ ಟವಲಿನಿಂದ ಮುಖ ಒರೆಸುತ್ತಾ ನೆಲ ನೋಡಿದ. ಚಿಕ್ಕಮಾರಯ್ಯ ನಗಲಿಲ್ಲ. ಗೆದ್ದವರ ಗತ್ತಿನಲ್ಲಿ, "ಹೋಗ್ಲಿ ಬುಡಮ್ಮ, ಯಾರ್ಗೂ ಹಿಂಗಾಯ್ತದೆ" ಎಂದ. ಆ ಸಮಾಧಾನ ಅವಳಿಗೆ ಸಿಳ್ಳೆಗಿಂತ ಹೆಚ್ಚು ಚುಚ್ಚಿತು.

ಗಂಗಮ್ಮ ಉಳಿದಿದ್ದ ಬಿಂದಿಗೆಯ ಹತ್ತಿರ ಹೋಗಿ, ಒಂದು ಕೋಲು ಅದ್ದಿ ಸುತ್ತ ತಿರುಗಿಸಿ ತೆಗೆದಳು. ಬಗ್ಗಿ ನೋಡಿದಳು. ಹಸಿರು ಲೋಳೆ ಒಂದು ಸುತ್ತು ಮುಂದಕ್ಕೇ ಹೋಗಿ ಸುಮ್ಮನೆ ನಿಂತುಬಿಟ್ಟಿತು. ಒಂದಿಷ್ಟೂ ಹಿಂದಕ್ಕೆ ಬರಲಿಲ್ಲ.

"ಇದು ಸತ್ತೋಗೈತೆ" ಎಂದಳು. ಆಮೇಲೆ ಮಗಳ ಕಡೆ ತಿರುಗಿ ದನಿ ತಗ್ಗಿಸಿ ಕೇಳಿದಳು. "ಹೆಂಗ್ ತೆಗ್ದೆ ಇಂಪು?"

ಇಂಪನಾಳ ಕಣ್ಣಲ್ಲಿ ಆಗಲೇ ನೀರು. "ಮಿಕ್ಸಿಗ್ ಹಾಕ್ದೆ ಅಮ್ಮ. ಬೇಗ ಆಗುತ್ತೆ, ಇನ್ನೂ ಗಟ್ಟಿ ಬರುತ್ತೆ ಅಂತ."

ಹತ್ತು ವರ್ಷದವಳಿದ್ದಾಗ ತನ್ನ ಮುಂಗೈಗೆ ಬಿದ್ದ ಏಟುಗಳೆಲ್ಲ ಗಂಗಮ್ಮನಿಗೆ ಒಟ್ಟಿಗೇ ನೆನಪಾದವು. ಕೆಲಸ ಕಲಿಸದೆ ಬರೀ ಕಥೆ ಹೇಳಿ ಬೆಳೆಸಿದ್ದು ತಾನೇ. ನಿನ್ನೆ ಪರೀಕ್ಷೆ ಮಾಡದೆ ಹಿಗ್ಗಿದ್ದೂ ತಾನೇ. ಅವಳು ಜನರ ಕಡೆ ತಿರುಗಿ ಗಟ್ಟಿಯಾಗಿ ಹೇಳಿದಳು. "ಲೋಳೆ ಕೆಟ್ಟೋಗೈತೆ. ನೋಡ್ದೆ ತಂದಿದ್ದು ನಂದೇ ತಪ್ಪು. ಆಟೋದಾಗೆ ಇನ್ನೂ ಎರಡು ಹೊರೆ ದಂಟು ಐತೆ. ಒಂದೂವರೆ ಗಂಟೆ ಟೈಮ್ ಕೊಡಿ, ನಿಮ್ ಕಣ್ಮುಂದೇನೇ ತೆಗೀತೀನಿ."

"ಆಗ್ಲೇ ಒಂದ್ ಸಲ ಆಯ್ತಲ್ಲಮ್ಮ" ಎಂದ ಚಿಕ್ಕಮಾರಯ್ಯ.

ಪಕ್ಕದಲ್ಲೇ ನಿಂತು ತಾಯಿ ಮಗಳ ಮಾತು ಕೇಳಿಸಿಕೊಂಡಿದ್ದ ಏಕಾಂತಯ್ಯನವರು ಅಡ್ಡ ಬಂದರು. "ಅಧ್ಯಕ್ಷರೇ, ಅವರು ಹೇಳೋದು ಸರಿ ಇದೆ. ಮಿಕ್ಸಿಯ ಬ್ಲೇಡು ಆ ಉದ್ದದ ಎಳೆಗಳನ್ನೆಲ್ಲ ತುಂಡು ತುಂಡು ಮಾಡಿದೆ. ದಂಟಿನ ಚೂರು ಸೇರಿ ಗಟ್ಟಿ ಕಾಣುತ್ತೆ, ಆದರೆ ಎಳೆದುಕೊಳ್ಳೋ ಗುಣ ಹೋಗಿದೆ. ನಾನೂ ಗಟ್ಟಿ ಇದೆ ಅಂತಲೇ ಮೋಸ ಹೋದೆ. ಅವರು ಒಂದು ಕೋಲಿನಲ್ಲಿ ಹಿಡಿದುಬಿಟ್ಟರು." ಓದಿದವರೇ ಹಾಗೆ ಹೇಳಿದ ಮೇಲೆ ಚಿಕ್ಕಮಾರಯ್ಯ ಗಡಿಯಾರ ನೋಡಿ ಕುರ್ಚಿ ಎಳೆದುಕೊಂಡ.

ಗಂಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಾನಿಯ ಮುಂದೆ ಕೂತಳು. ನೂರು ಜನ ಸುತ್ತ ನಿಂತು ನೋಡುತ್ತಿದ್ದರು. ಮೆಲ್ಲಗೆ ಜಜ್ಜಿದಳು, ನೆನೆಹಾಕಿದಳು, ಕಾದಳು. ಜನ ಗೊಣಗಿದರು, ಅವಳು ಕಾದಳು. ಆಮೇಲೆ ಮಗಳನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡು, ಅವಳ ಕೈ ಮೇಲೆ ತನ್ನ ಕೈಯಿಟ್ಟು ನೀವುವುದನ್ನು ತೋರಿಸಿದಳು. ಇಂಪನಾ ಅವಸರಪಟ್ಟಾಗ ಮುಂಗೈ ಮೇಲೆ ಪಟ್ಟನೆ ಒಂದು ಬಿತ್ತು. ಹುಡುಗಿ ಅಳುತ್ತಿದ್ದವಳು ನಕ್ಕುಬಿಟ್ಟಳು. ಲೋಳೆ ತೆಳ್ಳಗೆ, ಬಣ್ಣವಿಲ್ಲದೆ, ನೋಡುವುದಕ್ಕೆ ಏನೂ ಅಲ್ಲದ ಹಾಗೆ ಬಿಂದಿಗೆಗೆ ಇಳಿಯಿತು. ಆ ಹಸಿರು ಗಂಜಿಯ ಮುಂದೆ ಇದು ಅಕ್ಕಿ ತೊಳೆದ ನೀರು. ಗಂಗಮ್ಮ ಕೋಲು ತಿರುಗಿಸಿ ತೆಗೆದಳು. ಮುಂದಿದ್ದವರೆಲ್ಲ ಬಗ್ಗಿದರು. ಲೋಳೆ ನಿಂತಿತು, ಆಮೇಲೆ ನಿಧಾನಕ್ಕೆ ಹಿಂದಕ್ಕೆ ತಿರುಗಿತು.

ಡ್ರಮ್ಮು ತೊಳೆದು ಹೊಸ ನೀರು ತುಂಬಿ, ಲೋಳೆ ಸೋಸಿ ಸುರಿದರು. "ಬಿಡಪ್ಪಾ" ಎಂದಳು ಗಂಗಮ್ಮ, ಚಿಕ್ಕಮಾರಯ್ಯನ ಆಳಿಗೆ. ಅವಳಿಗೆ ಮೇಲೆ ನೋಡುವ ಧೈರ್ಯವಾಗಲಿಲ್ಲ. ಜನರ ಮುಖ ನೋಡುತ್ತಾ ನಿಂತಳು. ಮೊದಲು ಗಲ್ಲಗಳು ಮೇಲೆದ್ದವು, ಆಮೇಲೆ ಬಾಯಿಗಳು ತೆರೆದವು. ಅಷ್ಟರಲ್ಲಿ ಮರದ ತುದಿಯಿಂದ ಗರಿಗೆ ನೀರು ಬಡಿಯುವ ಸದ್ದು ಕೇಳಿಸಿತು. ಮಸಿ ನೀರು ದಬದಬನೆ ಸುರಿಯಿತು. ಕುರ್ಚಿಯಲ್ಲಿ ಕೂತಿದ್ದ ಅಧ್ಯಕ್ಷರ ಬಿಳಿ ಷರ್ಟಿನ ತುಂಬ ಕಪ್ಪು ಚುಕ್ಕೆ.

ಜನ ಕೂಗಿದ್ದು ಪಕ್ಕದ ರಸ್ತೆಗೂ ಕೇಳಿಸಿತಂತೆ. ಪುಟ್ಟರಂಗಯ್ಯ, ಯಾವುದಕ್ಕೂ ತಲೆ ಕೆಡಿಸಿಕೊಳ್ಳದವನು, ಟವಲು ತಲೆಗೆ ಸುತ್ತಿಕೊಂಡು, "ನಮ್ ಮನೆಯವ್ಳು! ನಮ್ ಮನೆಯವ್ಳು ಕಣ್ರೋ!" ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಾ ತಿರುಗಿದ. ಗಂಗಮ್ಮ ಆಗ ಮೇಲೆ ನೋಡಿದಳು. ನೋಡುತ್ತಾ ಅವಳಿಗೆ ಅಳು ಬಂತು, ಮರೆಮಾಚಲಿಲ್ಲ.

ಚಿಕ್ಕಮಾರಯ್ಯ ಷರ್ಟು ನೋಡಿಕೊಂಡ, ಮರ ನೋಡಿದ, ಎದ್ದು ಬಂದ. ದೊಡ್ಡ ಮನುಷ್ಯರಿಗೆ ಸೋತೆ ಎನ್ನಲು ಬರುವುದಿಲ್ಲ, ಆದರೆ ತೋಟ ಅವನದ್ದೂ ಕಪ್ಪಾಗಿತ್ತು. "ನಾಳೆ ನಮ್ ತೋಟಕ್ ಬರ್ತೀಯೇನಮ್ಮ?" ಎಂದು ಕೇಳಿದ.

"ಬರ್ತೀನಿ ಮಾರಯ್ಯಣ್ಣ. ಆದ್ರೆ ಲೋಳೆ ನಾನ್ ತರಲ್ಲ. ದಂಟು ಇಕ್ಕಿರಿ, ಬಾನಿ ಇಕ್ಕಿರಿ. ನೀವೇ ತೆಗೀಬೇಕು, ನಾನು ಹೇಳ್ಕೊಡ್ತೀನಿ."

ಸೋಮವಾರ ಬೆಳಿಗ್ಗೆ ಅವನ ತೋಟಕ್ಕೆ ಹೋದವರೆಲ್ಲ ನೋಡಿದ್ದಾರೆ. ತೆಂಗು ಬೆಳೆಗಾರರ ಸಂಘದ ಅಧ್ಯಕ್ಷರು ಪಂಚೆ ಎತ್ತಿಕಟ್ಟಿ, ತೋಳು ಮಡಿಚಿ, ಬಾನಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಮೊಣಕೈ ತನಕ ಲೋಳೆ. ಗಂಗಮ್ಮ ಪಕ್ಕದಲ್ಲಿ ನಿಂತಿದ್ದಳು. "ಹಿಚುಕ್ಬ್ಯಾಡಿ ಅಣ್ಣ" ಅಂದಳು, "ಇನ್ನೊಂದ್ ಸಲ ಮೇಲಿಂದ ನೀವಿ." ಚಿಕ್ಕಮಾರಯ್ಯ ತಲೆ ಬಗ್ಗಿಸಿ, ಮತ್ತೆ ಮೇಲಿನಿಂದ ನೀವಿದ.